ಮೊದಲ ಮಳೆಯ ಹಸಿರಿಗೆ ಅವಸರ ಬೇಡ

(ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಸೇರಿದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಅಶ್ವಿನಿ ಮಳೆ ಹನಿ ಹಾಕಿ ಹೋಯಿತು. ಈಗ ಭರಣಿ ನಡೆದಿದೆ. ಇನ್ನೆರಡು ಹದವಾದ ಮಳೆ ಬಿದ್ದರೆ ಸಾಕು, ಬೇಸಗೆಯೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದ್ದ ಗೋಮಾಳ ಎಂಟು ದಿನಗಳೊಳಗೆ ಹಸಿರಾಗುತ್ತದೆ. ಬದುವಿನಲ್ಲಿ ಗರಿಕೆ ಚಿಗುರುತ್ತದೆ, ಜೋಳ ಕೊಯ್ದ ಹೊಲದಲ್ಲಿ ಕೂಳೆ ಒಡೆಯುತ್ತದೆ. ಮೂರು ತಿಂಗಳು ಒಣ ಕಣಿಕೆ ಅಗಿದ ಎತ್ತು ಆ ಹಸಿರಿನ ಕಡೆಗೆ ಹಗ್ಗ ಜಗ್ಗುತ್ತದೆ. ನಮ್ಮ ಮನಸ್ಸೂ ಅದರ ಹಿಂದೆಯೇ ಓಡುತ್ತದೆ. ‘ಪಾಪ, ಮೂಕ ಪ್ರಾಣಿ, ಬಾಯಿ ತುಂಬ ಹಸಿರು ತಿನ್ನಲಿ’ ಎಂದು ಹಗ್ಗ ಬಿಚ್ಚುತ್ತೇವೆ.

ಆ ಹಗ್ಗ ಬಿಚ್ಚುವ ಗಳಿಗೆಯ ವಿಷಯವಾಗಿ ನಾನು ಇಂದು ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ. ವರ್ಷದಲ್ಲಿ ದನಕ್ಕೂ ಕುದುರೆಗೂ ಹುಲ್ಲಿಗೂ ಹೆಚ್ಚು ಕೇಡು ಆಗುವ ಕಾಲವೆಂದರೆ ಮೊದಲ ಮಳೆಯ ನಂತರದ ಈ ಮೂರು ನಾಲ್ಕು ವಾರಗಳೇ. ಏನು ಮೇಯಿಸಬೇಕೆಂಬುದು ನಿಮಗೆ ತಿಳಿಯದ ವಿಷಯವಲ್ಲ; ನನಗಿಂತ ಚೆನ್ನಾಗಿ ತಾವು ಬಲ್ಲಿರಿ. ಯಾವಾಗ ಬಿಡಬೇಕು, ಎಷ್ಟು ಹೊತ್ತು ಬಿಡಬೇಕು, ಯಾವ ಹೊಟ್ಟೆಯಲ್ಲಿ ಬಿಡಬೇಕು ಎಂಬುದರಲ್ಲಿ ನಾವು ತಪ್ಪುತ್ತೇವೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಕೆಲಸ ಮಾಡುತ್ತಿದ್ದೆ. ಇಂಥದೇ ಕಾಲ. ಮಾಘದಲ್ಲಿ ಬಿಳಿಜೋಳ ಕೊಯ್ದ ಹೊಲವೊಂದರಲ್ಲಿ ಭರಣಿಯ ಎರಡು ಮಳೆಗೆ ಕೂಳೆ ಚಿಗುರಿತ್ತು. ಆಮೇಲೆ ವಾರವೆಲ್ಲ ಉರಿಬಿಸಿಲು ಕಾಯಿತು. ಚಿಗುರು ಒಂದು ಗೇಣಿಗೆ ನಿಂತು, ಎಲೆ ಸುರುಳಿಕೊಂಡು ಬಾಡಿತು. ನಾನು ಬೀಜದ ಪಟ್ಟಿ ತೆಗೆದುಕೊಂಡು ಸೈಕಲ್ಲಿನ ಮೇಲೆ ಆ ದಾರಿಯಲ್ಲೇ ಹೋದೆ. ಚಿಗುರು ಕಣ್ಣಿಗೆ ಬಿತ್ತು. ಕೃಷಿ ಶಾಲೆಯಲ್ಲಿ ಓದಿದ್ದು ನೆನಪಿಗೂ ಬಂತು. ‘ಬರುವಾಗ ಹೇಳಿದರಾಯಿತು’ ಎಂದುಕೊಂಡೆ. ಬರುವಾಗ ಕತ್ತಲಾಗಿತ್ತು.

ಮರುದಿನ ಆ ಹೊಲದ ಯಜಮಾನರು ಬೆಳಗಿನಿಂದ ಪಕ್ಕದ ಹೊಲದಲ್ಲಿ ಹರಗಿ, ಹೊತ್ತು ಏರಿದ ಮೇಲೆ ಎತ್ತುಗಳ ಕೊರಳು ಬಿಚ್ಚಿದರು. ಒಂದನ್ನು ಬಾವಿಯ ಬಳಿ ಕಟ್ಟಿದರು. ಅದು ಹಗ್ಗ ನಿಲುಕಿದಷ್ಟು ಮೇಯಿತು. ಇನ್ನೊಂದು ಹಸಿದ ಹೊಟ್ಟೆಯಲ್ಲಿ ಚಿಗುರಿಗೆ ನುಗ್ಗಿತು. ಅರ್ಧ ತಾಸಿನೊಳಗೆ ಅದಕ್ಕೆ ಏದುಸಿರು ಹತ್ತಿತು, ಜೊಲ್ಲು ಸುರಿಯಿತು, ಕಾಲು ತತ್ತರಿಸಿ ನೆಲಕ್ಕೆ ಬಿತ್ತು. ಕತ್ತು ಚಾಚಿ ಒದ್ದಾಡಿತು. ಹಾವು ಕಡಿಯಿತೆಂದರು ಕೆಲವರು, ದೃಷ್ಟಿಯಾಯಿತೆಂದರು ಕೆಲವರು. ಪಶುವೈದ್ಯರು ಬರುವಷ್ಟರಲ್ಲಿ ಅದರ ಪ್ರಾಣ ಹೋಗಿತ್ತು. ಬಾವಿಯ ಬಳಿಯ ಎತ್ತೂ ಏದುಸಿರು ಬಿಡುತ್ತ ನಿಂತಿತ್ತು. ರಕ್ತನಾಳಕ್ಕೆ ಸೂಜಿಮದ್ದು ಕೊಟ್ಟು ಅದನ್ನು ಉಳಿಸಿದರು. ಸತ್ತ ಎತ್ತಿನ ಹೊಟ್ಟೆಯ ಮೇವನ್ನು ಒಂದು ಸೀಸೆಯಲ್ಲಿ ಹಾಕಿ, ಮದ್ದಿನಲ್ಲಿ ಅದ್ದಿದ ಹಳದಿ ಕಾಗದದ ತುಂಡೊಂದನ್ನು ಮೇವಿಗೆ ತಾಗದಂತೆ ಒಳಗೆ ತೂಗಬಿಟ್ಟರು. ನಾವು ನೋಡುತ್ತಿದ್ದಂತೆ ಹಳದಿ ಕಾಗದ ಇಟ್ಟಿಗೆಯ ಕೆಂಪಿಗೆ ತಿರುಗಿತು. ವಿಷ ಹಾವಿನದಲ್ಲ, ಜೋಳದ ಚಿಗುರಿನದು.

ಆ ಯಜಮಾನರು ನನ್ನನ್ನು ಬಯ್ಯಲಿಲ್ಲ. ‘ತಮ್ಮಾ, ನೀ ನಿನ್ನೆ ಇದ ದಾರೀಲೆ ಹೋದಿ. ಚಿಗುರು ನಿನ್ನ ಕಣ್ಣಿಗೆ ಬಿದ್ದಿರಬೇಕಲ್ಲ?’ ಎಂದು ಮಾತ್ರ ಕೇಳಿದರು. ನಾನು ತಲೆ ತಗ್ಗಿಸಿದೆ. ಆ ವರ್ಷ ಅವರು ಬಾಡಿಗೆಯ ಎತ್ತಿಗಾಗಿ ಕಾದು, ಮೃಗಶಿರದಲ್ಲಿ ಬಿತ್ತಬೇಕಾದ ಹೆಸರನ್ನು ಆರಿದ್ರೆಯ ಕೊನೆಗೆ ಬಿತ್ತಿದರು. ಬೆಳೆಯೂ ಹಾಗೆಯೇ ಬಂತು. ಅಂದಿನಿಂದ ಈ ಮಾತನ್ನು ಪ್ರತಿ ಊರಿನಲ್ಲೂ ಭರಣಿ ಮಳೆಗೆ ಮೊದಲೋ ನಡುವೆಯೋ ಹೇಳುವುದನ್ನು ನಿಯಮ ಮಾಡಿಕೊಂಡಿದ್ದೇನೆ.

ಜೋಳದ ಚಿಗುರಿನಲ್ಲಿ ವಿಷ ಹೇಗೆ ಬರುತ್ತದೆ? ಎಳೆಯ ಜೋಳದಲ್ಲಿ ಒಂದು ಪದಾರ್ಥ ಸಕ್ಕರೆಯೊಡನೆ ಕೂಡಿಕೊಂಡು ಇರುತ್ತದೆ. ಗಿಡ ನೆಟ್ಟಗಿರುವಾಗ ಅದು ಸುಮ್ಮನಿರುತ್ತದೆ. ದನ ಅಗಿದಾಗ, ಇಲ್ಲವೆ ಗಿಡ ಬಾಡಿ ಜಜ್ಜಿದಾಗ, ಅದು ಒಡೆದು ಹೈಡ್ರೋಸಯನಿಕ್ ಆಮ್ಲವೆಂಬ ಘೋರ ವಿಷ ಹುಟ್ಟುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ವಿಷ ಏರಿದ ಮೇಲೆ ರಕ್ತದಲ್ಲಿ ಪ್ರಾಣವಾಯು ಇದ್ದರೂ ಮೈಯ ಮಾಂಸ ಅದನ್ನು ಬಳಸಿಕೊಳ್ಳಲಾರದು. ಆದುದರಿಂದಲೇ ಪ್ರಾಣಿ ಉಸಿರಾಡುತ್ತಲೇ ಉಸಿರುಗಟ್ಟುತ್ತದೆ, ಒಸಡು ಕಣ್ಣು ಕಡುಗೆಂಪಾಗುತ್ತವೆ. ಹೊಟ್ಟೆ ತುಂಬ ತಿನ್ನಬೇಕಾಗಿಯೇ ಇಲ್ಲ.

ಎಳೆಯ ಪೈರು, ಕೂಳೆಯ ಚಿಗುರು, ಮಳೆ ತಪ್ಪಿ ಕುಂಠಿತವಾದ ಪೈರು, ಬರಗಾಲದ ನಂತರ ಮಳೆ ಬಿದ್ದು ಥಟ್ಟನೆ ಒಡೆದ ಹೊಸ ಎಲೆ, ಯೂರಿಯ ಹೆಚ್ಚಾಗಿ ಹಾಕಿದ ಪೈರು, ಇವುಗಳಲ್ಲಿ ವಿಷ ಹೆಚ್ಚು. ಪೈರು ಬೆಳೆದಂತೆ ಅದು ಇಳಿಯುತ್ತದೆ. ಎರಡು ಮೊಳ ಏರುವ ತನಕ ಜೋಳದ ಹೊಲದಲ್ಲಿ ದನ ಕಾಲಿಡಬಾರದು. ಹಸಿ ಮೇವಿಗಾಗಿ ಹೂ ಬಂದಾಗ ಕೊಯ್ದರೆ ಉತ್ತಮ. ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ಈ ಭಯ ಬಹುಮಟ್ಟಿಗೆ ಹೋಗಿರುತ್ತದೆ. ಆದರೆ ಬಾಡಿದ್ದು ಒಣಗಿದ್ದಲ್ಲ. ಬೆಳಿಗ್ಗೆ ಕೊಯ್ದು ಮಧ್ಯಾಹ್ನ ಬಾಡಿದ ಚಿಗುರು ಹಸಿಯದಕ್ಕಿಂತ ಒಳ್ಳೆಯದೆಂದು ಯಾರೂ ತಿಳಿಯಬಾರದು. ಕೂಳೆ ಒಡೆದ ಹೊಲ ನಿಮ್ಮದಾಗಿದ್ದರೆ ಅದನ್ನು ಹರಗಿ ಮಣ್ಣಿಗೆ ಸೇರಿಸಿ. ಹರಗುವುದಾಗದಿದ್ದರೆ ದಾರಿಯ ಕಡೆಗೆ ಮುಳ್ಳು ಹಚ್ಚಿ, ದನ ಕಾಯುವ ಹುಡುಗರಿಗೆ ಹೊಲ ತೋರಿಸಿ ಹೇಳಿ.

ಆದಾಗ್ಯೂ ಪ್ರಾಣಿ ತಿಂದುಬಿಟ್ಟರೆ, ಉಳಿದ ದನಗಳನ್ನು ಗದ್ದಲ ಮಾಡದೆ ಹೊಲದಿಂದ ಹೊರಗೆ ತನ್ನಿ. ಅದೇ ಕ್ಷಣ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿ. ‘ಜೋಳದ ಚಿಗುರು ತಿಂದಿದೆ’ ಎಂದೇ ಹೇಳಿ. ತಕ್ಕ ಮದ್ದು ತರಲು ಅವರಿಗೆ ಅನುಕೂಲ. ಮನೆಮದ್ದು ಹುಡುಕುತ್ತ ಹೊತ್ತು ಕಳೆಯಬೇಡಿ. ಪ್ರಾಣಿ ಫಕ್ಕನೆ ಸತ್ತಿದ್ದರೆ ವೈದ್ಯರು ನೋಡುವ ಮೊದಲು ಅದರ ಚರ್ಮ ಸುಲಿಯಬೇಡಿ, ಹೊಟ್ಟೆ ಸೀಳಬೇಡಿ. ನೆರಡಿ ರೋಗವೂ ಹೀಗೆಯೇ ಥಟ್ಟನೆ ಕೊಲ್ಲುತ್ತದೆ. ಅದು ಮನುಷ್ಯರಿಗೂ ಹತ್ತುತ್ತದೆ, ಸೀಳಿದ ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎರಡನೆಯದು ಹೊಟ್ಟೆ ಉಬ್ಬರ. ಹಸಿದ ದನ ಮಂಜು ಆರದ ಕುದುರೆ ಮೆಂತೆ, ಅಲಸಂದೆ, ಹೆಸರಿನ ಎಳೆ ಬಳ್ಳಿಗೆ ಬಿದ್ದರೆ ಹೊಟ್ಟೆಯಲ್ಲಿ ನೊರೆ ಕಟ್ಟುತ್ತದೆ, ವಾಯು ಹೊರಗೆ ಬರುವುದಿಲ್ಲ. ಎಡಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಆಗ ಪ್ರಾಣಿಯನ್ನು ಮುಂಗಾಲು ಎತ್ತರಕ್ಕೆ ಬರುವಂತೆ ದಿಬ್ಬಕ್ಕೆ ಮುಖ ಮಾಡಿ ನಿಲ್ಲಿಸಿ. ಬೇವಿನ ಕೋಲನ್ನು ಕಡಿವಾಣದಂತೆ ಬಾಯಿಗೆ ಅಡ್ಡ ಕಟ್ಟಿದರೆ ಅಗಿಯುತ್ತ ವಾಯು ಬಿಡುತ್ತದೆ. ಬೆಳೆದ ದನಕ್ಕೆ ಕಾಲು ಲೀಟರಿನಷ್ಟು ಶೇಂಗಾ ಎಣ್ಣೆಯನ್ನು ನಿಧಾನವಾಗಿ ಕುಡಿಸಬಹುದು. ಕತ್ತು ಮೇಲೆತ್ತಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಬೇರೆ ಕೇಡಾಗುತ್ತದೆ. ಇಷ್ಟಕ್ಕೂ ಇಳಿಯದಿದ್ದರೆ ವೈದ್ಯರೇ ಬರಬೇಕು. ಇದಕ್ಕೆಲ್ಲ ಎಡೆ ಕೊಡದಿರುವ ಉಪಾಯ ಒಂದೇ: ಬಿಡುವ ಮೊದಲು ಅರ್ಧ ಹೊಟ್ಟೆ ಒಣ ಕಣಿಕೆ ಹಾಕಿ.

ಇನ್ನು ಕುದುರೆಯ ಮಾತು. ನಮ್ಮ ಊರಿನಲ್ಲಿ ಕುದುರೆ ನಾಲ್ಕೇ ಇದ್ದರೂ, ಹಟ್ಟಿಯ ಅಣ್ಣಂದಿರು ಕುರಿಗಳೊಡನೆ ಊರೂರು ತಿರುಗುವಾಗ ಹಾಸಿಗೆ, ಪಾತ್ರೆ, ಆಗ ಹುಟ್ಟಿದ ಮರಿ ಎಲ್ಲವನ್ನೂ ಹೊರುವುದು ಕುದುರೆಯೇ. ಅದು ಮಲಗಿದರೆ ಇಡೀ ಹಟ್ಟಿ ನಿಂತಂತೆ. ಆದುದರಿಂದ ಅವರು ಇಂದು ಸಭೆಗೆ ಬಂದಿರುವುದು ನನಗೆ ಸಂತೋಷ.

ಎತ್ತಿಗೆ ಹೇಳಿದ್ದೆಲ್ಲ ಕುದುರೆಗೆ ಹೊಂದುವುದಿಲ್ಲ. ಎತ್ತು ಮೆಲುಕು ಹಾಕುತ್ತದೆ, ತೇಗುತ್ತದೆ. ಕುದುರೆಗೆ ಎರಡೂ ಇಲ್ಲ. ವಾಂತಿಯೂ ಆಗದು. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಹೊಟ್ಟೆಯ ಚೀಲ ಚಿಕ್ಕದು. ಅದಕ್ಕಾಗಿಯೇ ಅದು ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪವಾಗಿ ಮೇಯುವ ಪ್ರಾಣಿ. ಒಣ ಮೇವಿನಿಂದ ಒಮ್ಮೆಗೇ ಎಳೆ ಹಸಿರಿಗೆ ಬಿಟ್ಟರೆ ಹೊಟ್ಟೆಶೂಲೆ ಹಿಡಿಯುತ್ತದೆ. ನೆಲ ಕೆರೆಯುವುದು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುವುದು, ಬಿದ್ದು ಹೊರಳುವುದು ಇದರ ಗುರುತು. ಹಸಿರು ಅತಿಯಾದರೆ ಕೆಲವು ಕುದುರೆಗಳಿಗೆ ಗೊರಸಿನೊಳಗೆ ಬಾವು ಬಂದು ಹೆಜ್ಜೆ ಇಡಲಾರದಂತಾಗುತ್ತದೆ. ಮೊದಲ ದಿನ ಅರ್ಧ ತಾಸು ಸಾಕು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ಪೂರ್ತಿ ಮೇಯುವುದಕ್ಕೆ ಹತ್ತರಿಂದ ಹದಿನಾಲ್ಕು ದಿನ ಹಿಡಿಯಲಿ. ಮಳೆಗೆ ನೆನೆದು ಬೂಸಲು ಹಿಡಿದ ಕಣಿಕೆಯನ್ನು ಎತ್ತು ತಡೆದರೂ ತಡೆದೀತು, ಕುದುರೆ ತಡೆಯದು.

ಜೋಳದ ಚಿಗುರು ಕುದುರೆಯನ್ನು ಎತ್ತಿನಷ್ಟು ಥಟ್ಟನೆ ಕೊಲ್ಲುವುದು ಅಪರೂಪ. ಹಾಗೆಂದು ಅದು ಕುದುರೆಯ ಮೇವಲ್ಲ. ಹಸಿ ಜೋಳವನ್ನು ವಾರಗಟ್ಟಲೆ ಮೇಯಿಸಿದರೆ ಮೂತ್ರಕೋಶ ಕೆಟ್ಟು ಹನಿಹನಿಯಾಗಿ ಮೂತ್ರ ಸೋರುತ್ತದೆ, ಹಿಂಗಾಲು ಸ್ವಾಧೀನ ತಪ್ಪುತ್ತದೆ. ಸುಬಾಬುಲ್ ಸೊಪ್ಪನ್ನು ಹೆಚ್ಚು ತಿಂದ ಕುದುರೆಯ ಜೂಲು, ಬಾಲದ ಕೂದಲು ಉದುರುವುದೂ ಉಂಟು. ಬೇಲಿಯ ಕಣಗಿಲಂತೂ ದನ, ಕುರಿ, ಕುದುರೆ ಎಲ್ಲಕ್ಕೂ ಮೃತ್ಯು. ಕೆಲವೇ ಎಲೆಗಳು ಸಾಕು. ಸವರಿದ ಕಣಗಿಲ ಕೊಂಬೆಯನ್ನು ದಾರಿಯಲ್ಲಿ ಎಸೆಯಬೇಡಿ. ಮುಂಗಾಲು ಕಟ್ಟಿ ಬಿಡುವವರು ತೆಳುವಾದ ಸೆಣಬಿನ ಹಗ್ಗಕ್ಕೆ ಬದಲು ಅಗಲವಾದ ಬಟ್ಟೆಯ ಪಟ್ಟಿ ಬಳಸಿರಿ, ಸಂಜೆ ಬಿಚ್ಚಿ ಗಾಯ ನೋಡಿರಿ.

ಕುದುರೆಗೆ ಮೇಲೂ ಕೆಳಗೂ ಮುಂದಿನ ಹಲ್ಲುಗಳಿವೆ. ಕತ್ತರಿಯಂತೆ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸುತ್ತದೆ. ಎತ್ತಿಗೆ ಮೇಲಿನ ಮುಂದಿನ ಹಲ್ಲಿಲ್ಲ; ನಾಲಗೆಯಿಂದ ಸುತ್ತಿ ಕೀಳುತ್ತದೆ, ಅಷ್ಟು ಕೆಳಗೆ ಹೋಗಲಾರದು. ಕುದುರೆ ತಾನು ಲದ್ದಿ ಹಾಕಿದ ಜಾಗದ ಹುಲ್ಲನ್ನು ಮುಟ್ಟುವುದಿಲ್ಲ. ಅಲ್ಲಿ ಹುಲ್ಲು ಬಲಿಯುತ್ತದೆ. ಆ ಹುಲ್ಲನ್ನು ದನ ಮೇಯುತ್ತದೆ. ಕುದುರೆಯ ಹುಳು ಹೆಚ್ಚಾಗಿ ದನದ ಹೊಟ್ಟೆಯಲ್ಲಿ ಬೆಳೆಯದು, ದನದ ಹುಳು ಕುದುರೆಯಲ್ಲಿ ಬೆಳೆಯದು. ಆದುದರಿಂದ ಒಂದು ಜಾಗದಲ್ಲಿ ಮೊದಲು ಕುದುರೆ, ಅದರ ಹಿಂದೆ ದನ ಮೇಯುವುದು ಎರಡಕ್ಕೂ ಒಳ್ಳೆಯದು. ಹುಳುವಿನ ಮರಿಗಳು ಒದ್ದೆ ಹುಲ್ಲಿನ ಬುಡದ ಎರಡು ಅಂಗುಲದಲ್ಲೇ ಹೆಚ್ಚು. ಮಂಜು ಆರಿದ ಮೇಲೆ ಬಿಟ್ಟರೆ, ಬುಡದ ತನಕ ಮೇಯದಂತೆ ನೋಡಿಕೊಂಡರೆ, ಹುಳುವಿನ ಕಾಟ ಅಷ್ಟರಮಟ್ಟಿಗೆ ಕಡಿಮೆ.

ಈಗ ಹುಲ್ಲಿನ ಪರವಾಗಿ ಒಂದು ಮಾತು. ಬೇಸಗೆಯಲ್ಲಿ ಹುಲ್ಲು ಸತ್ತಂತೆ ಕಂಡರೂ ಬೇರಿನಲ್ಲಿ ಆಹಾರ ಕೂಡಿಟ್ಟುಕೊಂಡಿರುತ್ತದೆ. ಮೊದಲ ಮಳೆಗೆ ಬರುವ ಎಲೆ ಆ ಗಂಟಿನಿಂದ ಬಂದದ್ದು. ಎಲೆ ಬಿಸಿಲು ಕುಡಿದು ಹೊಸ ಆಹಾರ ಮಾಡಿ ಬೇರಿಗೆ ತಿರುಗಿ ಕಳುಹಿಸಲು ಮೂರು ನಾಲ್ಕು ವಾರ ಬೇಕು. ಅಷ್ಟರಲ್ಲೇ ಮೇಯಿಸಿದರೆ ಬಿತ್ತುವ ಬೀಜವನ್ನು ಬೀಸಿ ಉಂಡಂತೆ. ಮತ್ತೆ ಮತ್ತೆ ಹೀಗೆ ಮಾಡಿದರೆ ಒಳ್ಳೆಯ ಹುಲ್ಲು ಸಾಯುತ್ತದೆ, ಆ ಜಾಗಕ್ಕೆ ತಗಚೆ, ಕಾಂಗ್ರೆಸ್ ಗಿಡ, ಲಂಟಾನ ಬರುತ್ತವೆ. ಲಂಟಾನವನ್ನು ಹೊಟ್ಟೆ ತುಂಬಿದ ದನ ಮೂಸುವುದಿಲ್ಲ. ಹಸಿದದ್ದು ತಿಂದರೆ ಯಕೃತ್ತು ಕೆಟ್ಟು ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಚರ್ಮ ಸೀಳುತ್ತದೆ. ಹಸಿವಿಗೆ ರುಚಿಯಿಲ್ಲವೆಂಬ ಗಾದೆ ದನಕ್ಕೂ ಸಲ್ಲುತ್ತದೆ.

ಇದು ಹೊಸ ಬುದ್ಧಿಯೇನೂ ಅಲ್ಲ. ಹಳೆಯ ಮೈಸೂರು ಸೀಮೆಯ ಅಮೃತಮಹಲ್ ದನಗಳಿಗೆ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಬೇರೆ ಬೇರೆ ಇಟ್ಟಿದ್ದರು. ಒಂದರಲ್ಲಿ ದನ ಮೇಯುವಾಗ ಉಳಿದವುಗಳಲ್ಲಿ ಹುಲ್ಲು ಬೆಳೆಯುತ್ತಿತ್ತು. ನಮಗೆ ಅಷ್ಟು ಕಾವಲಿಲ್ಲ. 1966ರ ಭೂಕಂದಾಯ ನಿಯಮಗಳ ಪ್ರಕಾರ 100 ದನಕ್ಕೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಗೋಮಾಳ ಇರತಕ್ಕದ್ದು. ಲೆಕ್ಕ ಹಾಕಿದರೆ ಒಂದು ದನಕ್ಕೆ 12 ಗುಂಟೆ. ನಮ್ಮ ಊರಿನದು ಈ ಅಳತೆಗೆ ಎಟುಕುವುದಿಲ್ಲವೆಂದು ತಾವೇ ಹೇಳಿದ್ದೀರಿ. ಇರುವುದು ಕಡಿಮೆಯಾದಷ್ಟೂ ಅದನ್ನು ಸರದಿಯ ಮೇಲೆ ಬಳಸುವುದು ಅಗತ್ಯ. ಗೋಮಾಳವನ್ನು ನಾಲ್ಕು ಭಾಗ ಮಾಡೋಣ. ಹುಲ್ಲು ಒಂದು ಗೇಣು ಏರುವ ತನಕ ನಾಲ್ಕನ್ನೂ ಮುಚ್ಚಿಡೋಣ. ಆಮೇಲೆ ಒಂದೊಂದು ಭಾಗದಲ್ಲಿ ಒಂದೊಂದು ವಾರ ಮೇಯಿಸಿದರೆ ಪ್ರತಿ ಭಾಗಕ್ಕೂ ಮೂರು ವಾರ ಬಿಡುವು ಸಿಗುತ್ತದೆ. ಹುಲ್ಲು ನಾಲ್ಕು ಬೆರಳಿಗೆ ಇಳಿದ ಕೂಡಲೇ ಮುಂದಿನ ಭಾಗಕ್ಕೆ ಹೋಗತಕ್ಕದ್ದು.

ಹಾಗಾದರೆ ಮೊದಲ ತಿಂಗಳು ದನ ಏನು ತಿನ್ನಬೇಕು? ಎಲ್ಲ ಅಪಾಯಗಳ ಬೇರು ಈ ಪ್ರಶ್ನೆಯಲ್ಲೇ ಇದೆ. ಬಣವೆಯ ಕಣಿಕೆಯನ್ನು ಮಳೆ ಬೀಳುವ ದಿನಕ್ಕೆ ಲೆಕ್ಕ ಹಾಕಿ ಮುಗಿಸುತ್ತೇವೆ. ಮಳೆ ಬಿದ್ದು ಒಂದು ತಿಂಗಳಾಗುವ ದಿನಕ್ಕೆ ಲೆಕ್ಕ ಹಾಕಬೇಕು. ಸಾಧಾರಣ ಎತ್ತೊಂದಕ್ಕೆ ದಿನಕ್ಕೆ ಸುಮಾರು 6 ಕಿಲೊ ಒಣ ಮೇವು ಎಂದರೆ ಜೋಡಿಗೆ 12 ಕಿಲೊ, 30 ದಿನಕ್ಕೆ 360 ಕಿಲೊ. ಇಷ್ಟನ್ನು ಬಣವೆಯ ಬುಡದಲ್ಲಿ ಬೇರೆ ಒಟ್ಟಿ, ಒದ್ದೆಯಾಗದಂತೆ ಮುಚ್ಚಿ, ‘ಇದು ಭರಣಿಯ ಪಾಲು’ ಎಂದು ಮನೆಯಲ್ಲಿ ಹೇಳಿಡಿ.

ಕಳೆದ ಸಭೆಯಲ್ಲಿ ಒಬ್ಬ ತಾಯಿ ಎದ್ದು, ‘ಹೊಲಾನ ಇಲ್ಲದಾಕಿ ನಾ, ಒಂದ ಎಮ್ಮಿ ಐತಿ. ನನ್ನ ಬಣವಿ ಎಲ್ಲೈತಿ? ಗೋಮಾಳ ಮುಚ್ಚಿದರ ನಾ ಏನ ಮಾಡ್ಲಿ?’ ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಯೋಚಿಸಿ ಇಂದು ಹೇಳುತ್ತೇನೆ. ಬಣವೆಯಿಲ್ಲದ ಮನೆಗಳನ್ನು ಹಸಿವಿಗೆ ಬಿಟ್ಟು ಮುಚ್ಚಿದ ಗೋಮಾಳ ಎಂಟು ದಿನವೂ ಮುಚ್ಚಿರಲಾರದು; ಮುಚ್ಚಿರಬೇಕೆಂದು ಹೇಳುವ ನ್ಯಾಯವೂ ನಮಗಿಲ್ಲ. ಈ ವರ್ಷಕ್ಕೆ, ದೊಡ್ಡ ಬಣವೆಯುಳ್ಳವರು ಕಣಿಕೆಯ ಸಿವುಡುಗಳನ್ನು ಕಡವಾಗಿ ಕೊಡಲಿ. ಪಂಚಾಯತಿಯ ಪುಸ್ತಕದಲ್ಲಿ ಬರೆದುಕೊಳ್ಳೋಣ. ಮುಂದಿನ ವರ್ಷಕ್ಕೆ, ಗೋಮಾಳದ ಒಂದು ಭಾಗದ ಹುಲ್ಲನ್ನು ಹೂ ಬರುವ ಕಾಲಕ್ಕೆ ಕೊಯ್ದು ಒಣಗಿಸಿ, ಆ ಹೊರೆಗಳಲ್ಲಿ ಮೊದಲ ಹಕ್ಕು ಬಣವೆಯಿಲ್ಲದ ಮನೆಗಳಿಗೆ ಎಂದು ಠರಾವು ಮಾಡೋಣ. ಕೊಯ್ದು ಕಟ್ಟುವ ಕೂಲಿಯನ್ನು ಆ ಮನೆಯವರೇ ದುಡಿದು ತೀರಿಸಿದರೆ ಋಣವೂ ಉಳಿಯುವುದಿಲ್ಲ. ಆ ಕಡ ತೀರಿಸುವ ದಾರಿಯೂ ಅದೇ.

ನೆನಪಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ದನ ಕಾಯುವ ಹುಡುಗರಿಗೂ ಬಾಯಿಪಾಠ ಮಾಡಿಸಿ:

1. ಹಸಿದ ಪ್ರಾಣಿಯನ್ನು ಎಳೆ ಹಸಿರಿಗೆ ಬಿಡಬೇಡಿ. ಮೊದಲು ಅರ್ಧ ಹೊಟ್ಟೆ ಒಣ ಮೇವು, ನೀರು.

2. ಜೋಳದ ಕೂಳೆ ಚಿಗುರಿನ ಹೊಲ ಕಂಡರೆ ಅದರಿಂದ ದೂರ ಹೊಡೆಯಿರಿ. ಎರಡು ಮೊಳ ಏರದ ಜೋಳ ಮೇವಲ್ಲ.

3. ಮಂಜು ಆರಿದ ಮೇಲೆ ಬಿಡಿರಿ.

4. ಕುದುರೆಗೆ ಮೊದಲ ದಿನ ಅರ್ಧ ತಾಸು. ಪೂರ್ತಿ ಹಸಿರಿಗೆ ಹತ್ತು ಹದಿನಾಲ್ಕು ದಿನ.

5. ಹುಲ್ಲು ಒಂದು ಗೇಣು ಏರಿದ ಮೇಲೆ ಮೇಯಿಸಿ, ನಾಲ್ಕು ಬೆರಳಿಗೆ ಬಿಡಿಸಿ.

6. ಪ್ರಾಣಿಯ ಉಸಿರು ಏರಿತೋ, ಕಾಲು ತತ್ತರಿಸಿತೋ, ತಡಮಾಡದೆ ವೈದ್ಯರಿಗೆ ಸುದ್ದಿ.

ಇಂದು ಸಭೆಗೆ ಬರುವಾಗ ಹಳ್ಳದ ಆಚೆಯ ಎರಡು ಹೊಲಗಳಲ್ಲಿ ಕೂಳೆ ಒಡೆದಿರುವುದನ್ನು ನೋಡಿದೆ. ಈ ಸಲ ಸೈಕಲ್ಲಿನಿಂದ ಇಳಿದು ಆ ಇಬ್ಬರು ಯಜಮಾನರ ಮನೆಗೂ ಹೋಗಿ ಹೇಳಿಯೇ ಇಲ್ಲಿಗೆ ಬಂದಿದ್ದೇನೆ. ನೀವೂ ನಿಮ್ಮ ದಾರಿಯಲ್ಲಿ ಕಂಡದ್ದನ್ನು ಅಂದೇ ಹೇಳಿರಿ. ಬರುವಾಗ ಹೇಳಿದರಾಯಿತೆಂದು ಬಿಡಬೇಡಿ.

ಬರುವ ಸೋಮವಾರ ಎತ್ತುಗಳಿಗೆ ಬಿಡುವು. ಬೆಳಗಿನ ಹೊತ್ತು ಹಿರಿಯರು, ಹಟ್ಟಿಯ ಅಣ್ಣಂದಿರು, ಎಮ್ಮೆಯ ಆ ತಾಯಿಯವರೂ ಸೇರಿ ಗೋಮಾಳದ ಸುತ್ತ ಒಂದು ಸಲ ನಡೆದು, ನಾಲ್ಕು ಭಾಗಕ್ಕೆ ಕಲ್ಲು ನೆಟ್ಟು ಗುರುತು ಹಾಕೋಣ. ಸುಣ್ಣ, ಗುದ್ದಲಿ ನಾನು ತರುತ್ತೇನೆ.